ಲಾಗಿನ್ ಆಗದ ಲಿನಕ್ಸ್, ಬೀಗ ಬಿದ್ದ ಹೋಮ್: ಇಕ್ರಿಪ್ಟ್‌ಎಫ್‌ಎಸ್ ಜೊತೆ ಏಳು ವರ್ಷ

ಏಳು ವರ್ಷ ನನ್ನ ಲ್ಯಾಪ್‌ಟಾಪ್‌ನ ಹೋಮ್ ಫೋಲ್ಡರ್‌ಗೆ, ಅಂದರೆ ನನ್ನ ಸ್ವಂತ ಫೈಲುಗಳೆಲ್ಲ ಇರುವ ಜಾಗಕ್ಕೆ, ಇಕ್ರಿಪ್ಟ್‌ಎಫ್‌ಎಸ್ ಕಾವಲಿತ್ತು. ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡುವ, ಅಂದರೆ ಬೇರೆಯವರಿಗೆ ಓದಲಾಗದಂತೆ ಗುಪ್ತಲಿಪಿಯಾಗಿಸುವ, ಲಿನಕ್ಸ್ ವ್ಯವಸ್ಥೆ ಅದು. ಉಬುಂಟು ಅನ್ನುವ ಲಿನಕ್ಸ್‌ನ 16.04 ಆವೃತ್ತಿ ಹಾಕುವಾಗ ಇನ್‌ಸ್ಟಾಲರ್‌ನಲ್ಲಿ ಒಂದು ಟಿಕ್ ಹಾಕಿದ್ದೆ, ಅಷ್ಟೇ. ಆಮೇಲೆ 18.04ಕ್ಕೆ ಹೋದೆ, 20.04ಕ್ಕೆ ಹೋದೆ. 18.04ರಿಂದ ಇನ್‌ಸ್ಟಾಲರ್‌ನಲ್ಲಿ ಆ ಆಯ್ಕೆಯನ್ನೇ ತೆಗೆದರು. ಆದರೂ ಹಳೆಯ ಹೋಮ್ ಸುಮ್ನೆ ನಡೆದುಕೊಂಡು ಬಂತು. ಪಾಸ್‌ವರ್ಡ್ ಹೊಡೆದರೆ ಫೈಲುಗಳು ತೆರೆಯುತ್ತವೆ, ಲಾಗ್‌ಔಟ್ ಆದರೆ ಮುಚ್ಚಿಕೊಳ್ಳುತ್ತವೆ. ಬೇರೆ ಕೆಲಸವೇ ಇಲ್ಲ.

ದಿನನಿತ್ಯ ಕಾಡಿದ್ದು ಒಂದೇ ವಿಷಯ, ಫೈಲಿನ ಹೆಸರು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಜಾಗ ಇರುತ್ತದೆ. ಇಲ್ಲಿ ಹೆಸರೂ ಎನ್‌ಕ್ರಿಪ್ಟ್ ಆಗುವುದರಿಂದ ನಮಗೆ ಉಳಿಯುವುದು 143. ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ಅದು ಧಾರಾಳ. ಕನ್ನಡದಲ್ಲಿ ಸ್ವರ, ವ್ಯಂಜನ, ಒತ್ತಕ್ಷರ ಕೂಡಿಸುವ ಗುರುತು (್), ದೀರ್ಘ ಪ್ರತಿಯೊಂದಕ್ಕೂ 3 ಬೈಟ್ ಹೋಗುತ್ತದೆ. ‘ಸ್ತ್ರೀ’ ಅಂತ ಬರೆದರೆ 18 ಬೈಟ್ ಖಾಲಿ! ನಾನು ಹಿರಿಯರ ಜೊತೆ ಕೂತು ಮಾಡಿಕೊಂಡ ರೆಕಾರ್ಡಿಂಗ್‌ಗಳಿಗೆ ಯಾರು, ಯಾವ ವಿಷಯ, ಯಾವತ್ತು ಅಂತ ಪೂರ್ತಿ ಹೆಸರಿಡುವವನು. ಹೆಸರು ತುಂಬಾ ಉದ್ದವಾಯಿತು ಅಂತ ಎಷ್ಟು ಸಲ ನಿಂತಿದೆಯೋ. ತಿಂಗಳ ಹೆಸರು ಬಿಟ್ಟು ಅಂಕಿ ಹಾಕುವುದು, ಪ್ರತ್ಯಯ ಕತ್ತರಿಸುವುದು, ಹೀಗೆ ಹೊಂದಿಕೊಂಡೆ.

ಆಮೇಲೆ ಒಂದು ಬೆಳಗ್ಗೆ ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ಹೊಡೆದೆ, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬಂತು. ಮತ್ತೆ ಹೊಡೆದೆ, ಮತ್ತೆ ಅದೇ. ಪಾಸ್‌ವರ್ಡ್‌ನಲ್ಲೇ ಏನೋ ಆಗಿದೆ ಅಂದುಕೊಂಡೆ. ರಿಪೇರಿಗೆಂದೇ ಇರುವ ರಿಕವರಿ ಮೋಡ್‌ಗೆ ಹೋಗಿ, ರೂಟ್ ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವ ಬಳಕೆದಾರನಾಗಿ ಕಮಾಂಡ್ ಕೊಡುವ ಪರದೆ ತೆಗೆದು, ಹೊಸ ಪಾಸ್‌ವರ್ಡ್ ಕೂರಿಸಿದೆ. ಬೇರೆ ಯಂತ್ರಗಳಲ್ಲಿ ಎಷ್ಟೋ ಸಲ ಮಾಡಿದ ಕೆಲಸ ಅದು. ಪಾಸ್‌ವರ್ಡ್ ಯಶಸ್ವಿಯಾಗಿ ಬದಲಾಯಿತು ಅಂತ ಒಂದು ಸಾಲು ಬಂತು. ಯಂತ್ರ ಮತ್ತೆ ಶುರು ಮಾಡಿದರೆ, ಅದೇ ಕಥೆ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಪಠ್ಯದ ಪರದೆಗೆ ಹೋದೆ. ಅಲ್ಲಿ ಹೊಸ ಪಾಸ್‌ವರ್ಡ್ ಒಪ್ಪಿತು. ಡಿಸ್ಕ್ ಎಷ್ಟು ಖಾಲಿ ಇದೆ ನೋಡಿದರೆ, ಒಂದು ಬೈಟೂ ಇಲ್ಲ. ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆಗಳು, ಹಳೆಯ ಲಾಗ್‌ಗಳು, ತುಂಬಿಕೊಂಡಿದ್ದವು. ಡೆಸ್ಕ್‌ಟಾಪ್ ಶುರುವಾಗಲು ಒಂದು ಚಿಕ್ಕ ಫೈಲ್ ಬರೆಯಬೇಕು, ಅದಕ್ಕೂ ಜಾಗ ಇರಲಿಲ್ಲ. ಪಾಸ್‌ವರ್ಡ್‌ದು ಏನೂ ತಪ್ಪಿರಲಿಲ್ಲ. ಲಾಗ್ ಅಳಿಸಿ ಜಾಗ ಮಾಡಿದೆ. ಇನ್ನು ಸರಿಹೋಯಿತು ಅಂತ ಹೋಮ್‌ನಲ್ಲಿ ಏನೇನಿದೆ ನೋಡಿದೆ. ಇದ್ದದ್ದು ಎರಡೇ ಫೈಲು. ಒಂದು ರೀಡ್‌ಮಿ. ಇನ್ನೊಂದು ‘ನಿಮ್ಮ ಖಾಸಗಿ ಡೇಟಾ ತೆರೆಯಿರಿ’ ಅನ್ನುವ ಅರ್ಥದ ಇಂಗ್ಲಿಷ್ ಹೆಸರಿನದು. ಏಳು ವರ್ಷದ ರೆಕಾರ್ಡಿಂಗ್, ಟಿಪ್ಪಣಿ, ಫೋಟೋ ಒಂದೂ ಇಲ್ಲ. ಕೈ ತಣ್ಣಗಾಯಿತು.

ಆಗಿದ್ದು ಇಷ್ಟು. ಇಲ್ಲಿ ಎರಡು ಬೀಗ ಇರುತ್ತವೆ. ಫೈಲುಗಳನ್ನು ಕಾಯುವುದು 32 ಅಕ್ಷರದ ಮೌಂಟ್ ಪಾಸ್‌ಫ್ರೇಸ್. ಅದನ್ನು ನಾವು ದಿನನಿತ್ಯ ಟೈಪ್ ಮಾಡುವುದಿಲ್ಲ. ‘ರ‍್ಯಾಪ್ಡ್-ಪಾಸ್‌ಫ್ರೇಸ್’ ಅನ್ನುವ ಒಂದು ಪುಟ್ಟ ಫೈಲಿನೊಳಗೆ ಅದು ಕೂತಿರುತ್ತದೆ. ಆ ಪುಟ್ಟ ಫೈಲಿಗೆ ಬೀಗ ನಮ್ಮ ಲಾಗಿನ್ ಪಾಸ್‌ವರ್ಡ್. ನಾವೇ ಲಾಗಿನ್ ಆಗಿದ್ದು ಪಾಸ್‌ವರ್ಡ್ ಬದಲಿಸಿದರೆ ಹಳೆಯದನ್ನೂ ಕೇಳುತ್ತದೆ. ಅದರಿಂದ ಬಿಚ್ಚಿ, ಹೊಸದರಿಂದ ಮತ್ತೆ ಮುಚ್ಚುತ್ತದೆ. ರೂಟ್ ಆಗಿ ಬದಲಿಸಿದರೆ ಹಳೆಯದನ್ನು ಕೇಳುವುದೇ ಇಲ್ಲ. ಹಾಗಾಗಿ ಪುಟ್ಟ ಫೈಲು ಹಳೆಯ ಬೀಗದಲ್ಲೇ ಉಳಿಯುತ್ತದೆ. ಹೋಮ್ ಬಿಚ್ಚದಿದ್ದರೆ ಅಲ್ಲಿ ಏನೂ ಬರೆಯಲಾಗದು, ಡೆಸ್ಕ್‌ಟಾಪ್ ಬರುವುದಿಲ್ಲ.

ನನಗೆ ಸಿಟ್ಟು ಬಂದದ್ದು ಇದಕ್ಕೇ. ಈ ಬಳಕೆದಾರನ ಹೋಮ್ ಎನ್‌ಕ್ರಿಪ್ಟ್ ಆಗಿದೆ, ಹೀಗೆ ಬದಲಿಸಿದರೆ ತೆರೆಯುವುದಿಲ್ಲ ಅಂತ ಒಂದೇ ಒಂದು ಸಾಲು ತೋರಿಸಬಹುದಿತ್ತು, ಅಲ್ವಾ? ಅಷ್ಟು ಹೇಳಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ.

ಮೊದಲ ದಿನವೇ ಆ 32 ಅಕ್ಷರವನ್ನು ಕಾಗದದ ಮೇಲೆ ಬರೆದಿಟ್ಟಿದ್ದೆ. ಹುಡುಕಿ ತೆಗೆದೆ. ಅದರಲ್ಲಿರುವುದು 0ಯಿಂದ 9ರವರೆಗಿನ ಅಂಕಿ, ಇಂಗ್ಲಿಷ್‌ನ ಎಯಿಂದ ಎಫ್‌ವರೆಗಿನ ಸಣ್ಣ ಅಕ್ಷರ. ಅವಸರದಲ್ಲಿ ಒಂದೇ ಉಸಿರಿಗೆ ಬರೆದಿದ್ದೆ. ನಾಲ್ಕು ಕಡೆ ಅದು 6 ಅನ್ನುವ ಅಂಕಿಯೋ ಇಂಗ್ಲಿಷ್‌ನ ಸಣ್ಣ ಬಿಯೋ ಗೊತ್ತಾಗುತ್ತಿರಲಿಲ್ಲ. ಕಾಗದವನ್ನು ದೀಪದ ಕೆಳಗೆ ಹಿಡಿದು ಬಾಲ ಎಲ್ಲಿ ಬಾಗಿದೆ ಅಂತ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ನಾಲ್ಕು ಅನುಮಾನ ಅಂದರೆ 16 ಬಗೆ, ಒಂದೊಂದಾಗಿ ಹಾಕಿ ನೋಡಬಹುದು. ಆದರೂ ಮನಸ್ಸು ನಿಲ್ಲಲಿಲ್ಲ.

ಇಲ್ಲಿಂದ ನನ್ನ ಅಭಿಪ್ರಾಯ ಬದಲಾಯಿತು. ಇಕ್ರಿಪ್ಟ್‌ಎಫ್‌ಎಸ್ ಜೊತೆ ‘ಇಕ್ರಿಪ್ಟ್‌ಎಫ್‌ಎಸ್-ರಿಕವರ್-ಪ್ರೈವೇಟ್’ ಅಂತ ಒಂದು ಕಮಾಂಡ್ ಬರುತ್ತದೆ. ಏಳು ವರ್ಷದಲ್ಲಿ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಲೈವ್ ಯುಎಸ್‌ಬಿಯಿಂದ, ಅಂದರೆ ಒಳಗಿನ ಡಿಸ್ಕ್ ಬಿಟ್ಟು ಪೆನ್‌ಡ್ರೈವ್‌ನಲ್ಲಿರುವ ಉಬುಂಟುವಿನಿಂದಲೇ, ಯಂತ್ರ ಶುರು ಮಾಡಿದೆ. ಉಬುಂಟುವಿನ ‘ಯೂನಿವರ್ಸ್’ ಅನ್ನುವ ಸಾಫ್ಟ್‌ವೇರ್ ಭಂಡಾರ ಆನ್ ಮಾಡಿ, ಈ ಕಮಾಂಡ್ ಇರುವ ಇಕ್ರಿಪ್ಟ್‌ಎಫ್‌ಎಸ್-ಯುಟಿಲ್ಸ್ ಹಾಕಿಕೊಂಡೆ. ಒಳಗಿನ ಡಿಸ್ಕನ್ನು ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ತೆರೆದೆ, ಸುಡೋ ಜೊತೆ, ಅಂದರೆ ರೂಟ್‌ನ ಅಧಿಕಾರದಲ್ಲಿ, ಕಮಾಂಡ್ ಕೊಟ್ಟೆ. ಅದು ತಾನೇ ಡಿಸ್ಕ್ ಪೂರ್ತಿ ಹುಡುಕುತ್ತದೆ, ಸ್ವಲ್ಪ ಹೊತ್ತು ಬೇಕು. ಎನ್‌ಕ್ರಿಪ್ಟ್ ಆದ ಫೈಲುಗಳಿರುವ ಡಾಟ್ ಪ್ರೈವೇಟ್ ಫೋಲ್ಡರ್ ಸಿಕ್ಕಿತು, ಇದನ್ನು ಮರಳಿ ಪಡೆಯಲು ನೋಡಲೇ ಅಂತ ಕೇಳಿತು. ಆಮೇಲೆ, ಲಾಗಿನ್ ಪಾಸ್‌ಫ್ರೇಸ್ ಗೊತ್ತೇ ಅಂತ.

ಗೊತ್ತು, ಹಳೆಯದು! ಪುಟ್ಟ ಫೈಲು ಹಳೆಯ ಬೀಗದಲ್ಲೇ ಉಳಿದದ್ದು ಅಲ್ಲಿ ನನ್ನನ್ನು ಹೊರಗೆ ನಿಲ್ಲಿಸಿತ್ತು, ಇಲ್ಲಿ ಅದೇ ನನ್ನನ್ನು ಒಳಗೆ ಬಿಟ್ಟಿತು. ಹಳೆಯ ಪಾಸ್‌ವರ್ಡ್ ಹೊಡೆದ ಕೂಡಲೇ ಯಶಸ್ಸು ಅಂತ ಬಂತು, ಟೆಂಪ್ ಫೋಲ್ಡರ್ ಕೆಳಗೆ ಒಂದು ದಾರಿಯನ್ನೂ ತೋರಿಸಿತು. ಅಲ್ಲಿಯವರೆಗೆ ಅರ್ಥವಿಲ್ಲದ ಉದ್ದುದ್ದ ಅಕ್ಷರಗಳಾಗಿ ಕಂಡಿದ್ದ ಹೆಸರುಗಳೆಲ್ಲ ಕನ್ನಡವಾದವು. ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣುತ್ತಿದ್ದವು. ಆದರೂ ಒಂದೊಂದು ಹೆಸರನ್ನೂ ಓದಿದೆ. ಕತ್ತರಿಸಿ ಕತ್ತರಿಸಿ ಇಟ್ಟಿದ್ದ ಹೆಸರುಗಳು ಅಷ್ಟು ಚೆಂದ ಕಂಡದ್ದು ಅವತ್ತೇ.

ನಾವಾಗಿ ಬೇರೆ ಹೇಳದಿದ್ದರೆ ಈ ಕಮಾಂಡ್ ಫೈಲುಗಳನ್ನು ಓದಲು ಮಾತ್ರ ತೆರೆಯುತ್ತದೆ, ಬದಲಿಸಲು ಬಿಡುವುದಿಲ್ಲ. ಗಾಬರಿಯಲ್ಲಿರುವವರಿಗೆ ಇದು ದೊಡ್ಡ ಉಪಕಾರ. ಲೈವ್‌ನ ಬಳಕೆದಾರರು ಬೇರೆ ಆದ್ದರಿಂದ ನಕಲು ಮಾಡಲೂ ಸುಡೋ ಬೇಕು. ಸುಮಾರು 90 ಜಿಬಿ ಹೊರಗಿನ ಡಿಸ್ಕಿಗೆ ಹೋಗುವವರೆಗೆ ಎದ್ದೇ ಇದ್ದೆ.

ಎಲ್ಲ ಮುಗಿದ ಮೇಲೆ ತಿಳಿದ ಇನ್ನೊಂದು ಮಾತು. ರೂಟ್ ಆಗಿಯೇ ಲಾಗಿನ್ ಪಾಸ್‌ವರ್ಡನ್ನು ಹಳೆಯದಕ್ಕೆ ವಾಪಸ್ ಇಟ್ಟಿದ್ದರೂ ಹೋಮ್ ತೆರೆಯುತ್ತಿತ್ತು. ನಾನು ಕೊನೆಗೆ ಹಾಗೇ ಮಾಡಿದೆ, ಮೊದಲ ಸಲಕ್ಕೇ ಡೆಸ್ಕ್‌ಟಾಪ್ ಬಂತು. ಆದರೂ ಮೊದಲು ನಕಲು, ಆಮೇಲೆ ರಿಪೇರಿ ಅಂತಲೇ ಎಲ್ಲರಿಗೂ ಹೇಳುತ್ತೇನೆ. ಹಳೆಯ ಪಾಸ್‌ವರ್ಡೂ ಮರೆತು, 32 ಅಕ್ಷರವೂ ಇಲ್ಲದಿದ್ದರೆ ಯಾವ ಕಮಾಂಡೂ ಕೈ ಹಿಡಿಯುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ಇದನ್ನು ಹೇಳಲಾರೆ. ಪೂರ್ತಿ ಡಿಸ್ಕಿಗೆ ಬೀಗ ಹಾಕುವ ಲಕ್ಸ್ ತಗೊಳ್ಳಿ. ಅಲ್ಲಿ ಡಿಸ್ಕಿನ ಪಾಸ್‌ಫ್ರೇಸ್ ಬೇರೆ, ಲಾಗಿನ್ ಬೇರೆ, ಹೆಸರಿಗೂ ಪೂರ್ತಿ 255 ಬೈಟ್ ಸಿಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್ ಓಡುವಷ್ಟು ದಿನ ಇಕ್ರಿಪ್ಟ್‌ಎಫ್‌ಎಸ್ ಇರಲಿ, ನನಗೆ ಅದರ ಮೇಲೆ ಮುನಿಸಿಲ್ಲ.

ಈಗ ಹೊಸ ಕಾಗದ ಮಾಡಿದ್ದೇನೆ. ನಾಲ್ಕು ನಾಲ್ಕು ಅಕ್ಷರದ ಎಂಟು ಗುಂಪು, ಬಿ ಬಂದಲ್ಲೆಲ್ಲ ಕೆಳಗೆ ಒಂದು ಗೆರೆ. ಬರೆದ ಮೇಲೆ ಲೈವ್‌ನಿಂದ ಮತ್ತೆ ಅದೇ ಕಮಾಂಡ್ ಕೊಟ್ಟೆ. ಲಾಗಿನ್ ಪಾಸ್‌ಫ್ರೇಸ್ ಗೊತ್ತಿಲ್ಲ ಅಂದು, ಕಾಗದ ನೋಡಿಕೊಂಡೇ 32 ಅಕ್ಷರ ಹೊಡೆದೆ. ತೆರೆಯಿತು.