ಮನೆ ಮುಂದಿನ ಅಂಗಳದ ನಕ್ಷೆಗೆ ಸ್ಕೆಚ್‌ಅಪ್ ಫ್ರೀ: ಅಳತೆಗೆ ಗಟ್ಟಿ, ಗಿಡದ ವಿಷಯಕ್ಕೆ ಪೊಳ್ಳು

ಗೇಟಿನಿಂದ ಬಾಗಿಲ ತನಕ ಒಂದು ದಾರಿ, ಅದರ ಎರಡು ಬದಿ ಗಿಡದ ಪಾತಿ, ಒಂದು ಮರ, ಉಳಿದ ಜಾಗಕ್ಕೆ ಹುಲ್ಲು ಇಲ್ಲವೇ ಜಲ್ಲಿ. ಇಷ್ಟು ಸರಳವಾದ ಅಂಗಳಕ್ಕೆ ನಕ್ಷೆ ಮಾಡಿಕೊಳ್ಳಲು ಸ್ಕೆಚ್‌ಅಪ್ ಫ್ರೀ ಎಂಬ ಮೂರು ಆಯಾಮದ ನಕ್ಷೆ ಬಿಡಿಸುವ ತಂತ್ರಾಂಶ ಧಾರಾಳವಾಗಿ ಸಾಕು. ದುಡ್ಡು ಕೊಡಬೇಕಿಲ್ಲ, ಕಂಪ್ಯೂಟರಿಗೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಗಲ, ಎತ್ತರ, ಇಳಿಜಾರು, ನೆರಳು ಇವುಗಳ ಲೆಕ್ಕ ಹಿಡಿಯುವುದರಲ್ಲಿ ಇದು ನಂಬಿಕಸ್ಥ ಉಪಕರಣ. ಆದರೆ ಹೆಚ್ಚಿನವರು ಇದನ್ನು ಬಳಸುವುದು ಚಂದದ ಚಿತ್ರಕ್ಕಾಗಿ, ಎಡವುವುದೂ ಅಲ್ಲೇ. ಗಿಡ ಎಷ್ಟು ಬೆಳೆಯುತ್ತದೆ ಎಂಬುದು ಇದಕ್ಕೆ ಗೊತ್ತೇ ಇಲ್ಲ. ತೆರೆಯ ಮೇಲೆ ಮುದ್ದಾಗಿ ಕಂಡ ಪೊದೆಯನ್ನು ಅದೇ ಅಳತೆಗೆ ನಂಬಿ ನೆಟ್ಟರೆ, ಮೂರ್ನಾಲ್ಕು ವರ್ಷಕ್ಕೆ ದಾರಿ ಅರ್ಧ ಮುಚ್ಚಿರುತ್ತದೆ.

ಈ ತಂತ್ರಾಂಶ ಮೊದಲು ಬಂದದ್ದು 2000ರಲ್ಲಿ. 2006ರಲ್ಲಿ ಗೂಗಲ್ ಕೊಂಡುಕೊಂಡಿತು, 2012ರಿಂದ ಭೂಮಾಪನ ಉಪಕರಣ ತಯಾರಿಸುವ ಟ್ರಿಂಬಲ್ ಕಂಪನಿಯ ಕೈಯಲ್ಲಿದೆ. ಫ್ರೀ ಆವೃತ್ತಿಗೆ ಟ್ರಿಂಬಲ್ ಖಾತೆ ಬೇಕು, ಇಂಟರ್ನೆಟ್ ಬೇಕು. ಪರವಾನಗಿ ಸ್ವಂತ ಬಳಕೆಗೆ ಮಾತ್ರ. ಹಣ ಪಡೆದು ಬೇರೆಯವರ ಅಂಗಳ ವಿನ್ಯಾಸ ಮಾಡುವವರು ಫ್ರೀ ಬಳಸುವಂತಿಲ್ಲ.

ಕಂಪ್ಯೂಟರ್ ತೆರೆಯುವ ಮೊದಲು ಹೊರಗಿನ ಅಳತೆ ಮುಗಿದಿರಬೇಕು. ಇದಕ್ಕೆ ಅಡ್ಡದಾರಿಯಿಲ್ಲ. 100 ಅಡಿಯ ಟೇಪು, ನಾಲ್ಕು ಗೂಟ, ದಾರ, ನೆಲದ ಮಟ್ಟ ನೋಡಲು ನೀರು ತುಂಬಿದ ಒಂದು ಪಾರದರ್ಶಕ ಟ್ಯೂಬ್ ಇದ್ದರೆ ಆಯಿತು. ಮನೆಯ ಮುಂಗೋಡೆಯನ್ನೇ ಆಧಾರರೇಖೆ ಮಾಡಿಕೊಂಡು ಅದರ ಎರಡು ಮೂಲೆಗಳನ್ನು ಗುರುತಿಸಿಕೊಳ್ಳಿ. ಗೇಟಿನ ಎರಡು ಕಂಬ, ಇರುವ ಮರ, ಚೇಂಬರಿನ ಮುಚ್ಚಳ, ನಲ್ಲಿ, ಹೀಗೆ ಪ್ರತಿಯೊಂದಕ್ಕೂ ಈ ಎರಡು ಮೂಲೆಗಳಿಂದ ದೂರ ಅಳೆಯಿರಿ. ಒಂದೇ ಮೂಲೆಯಿಂದ ಅಳೆದದ್ದು ಪ್ರಯೋಜನಕ್ಕೆ ಬಾರದು. ಜಾಗ ಚೌಕವಾಗಿ ಕಂಡರೂ ಎರಡು ಕರ್ಣಗಳನ್ನು ಅಳೆಯಲೇಬೇಕು, ಕಣ್ಣಿಗೆ ನೇರವಾಗಿ ಕಾಣುವ ಕಾಂಪೌಂಡು ಎಷ್ಟೋ ಸಲ ಮನೆಗೆ ಸಮಾನಾಂತರವಾಗಿರುವುದಿಲ್ಲ. ಕಿಟಕಿಗಳ ಅಗಲ ಮತ್ತು ನೆಲದಿಂದ ಅವುಗಳ ಕೆಳ ಅಂಚಿನ ಎತ್ತರವನ್ನೂ ಬರೆದಿಟ್ಟುಕೊಳ್ಳಿ. ಪೊದೆ ಕಿಟಕಿಯನ್ನು ಮುಚ್ಚುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಆ ಒಂದು ಅಂಕಿ.

ಸ್ಕೆಚ್‌ಅಪ್‌ನಲ್ಲಿ ಮೊದಲ ತಪ್ಪು ಟೆಂಪ್ಲೇಟಿನಲ್ಲೇ, ಅಂದರೆ ಅಳತೆಯ ಏಕಮಾನ ಆರಿಸುವಲ್ಲೇ ಆಗುತ್ತದೆ. ಅಡಿ-ಇಂಚಿನ ಟೆಂಪ್ಲೇಟ್ ಆಯ್ದುಕೊಂಡು ಬರೀ 12 ಎಂದು ಒತ್ತಿದರೆ ಅದು 12 ಇಂಚು, 12 ಅಡಿಯಲ್ಲ. ಅಡಿಗೆ ಅಂಕಿಯ ಪಕ್ಕ ಒಂಟಿ ಉದ್ಧರಣ ಚಿಹ್ನೆ ಹಾಕಬೇಕು. ಈ ಗೋಜು ಬೇಡವೆನ್ನುವವರು ಮೀಟರಿನಲ್ಲಿ ಅಳೆದು ಮೀಟರ್ ಟೆಂಪ್ಲೇಟನ್ನೇ ತೆರೆಯುವುದು ಲೇಸು. ಎರಡನೆಯದು, ಮೌಸನ್ನು ಎಳೆದು ಅಂದಾಜಿನಲ್ಲಿ ಅಳತೆ ನಿಲ್ಲಿಸಬೇಡಿ. ಗೆರೆಯ ದಿಕ್ಕು ತೋರಿಸಿ, ಅಂಕಿ ಒತ್ತಿ, ಎಂಟರ್ ಕೊಡಿ. ಈ ಉಪಕರಣದ ನಿಜವಾದ ಬಲ ಇರುವುದು ಇಲ್ಲಿ.

ಹೊಸಬರನ್ನು ಅತಿ ಹೆಚ್ಚು ಕಾಡುವ ತೊಂದರೆಯೆಂದರೆ, ನೆಲದ ಮೇಲೆ ಎಳೆದಂತೆ ಕಂಡ ಗೆರೆ ನಿಜಕ್ಕೂ ಗಾಳಿಗೆ ಎದ್ದಿರುವುದು. ನಾಲ್ಕು ಗೆರೆ ಸೇರಿದರೂ ನಡುವಿನ ಮೇಲ್ಮೈ ತುಂಬಿಕೊಳ್ಳದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಅಂಗಳದ ನಕ್ಷೆ ಎಳೆಯುವಾಗ ಕ್ಯಾಮರಾವನ್ನು ಮೇಲಿನ ನೋಟಕ್ಕೆ ತಂದು ಸಮಾನಾಂತರ ಪ್ರಕ್ಷೇಪಣಕ್ಕೆ, ಅಂದರೆ ದೂರದ್ದು ಚಿಕ್ಕದಾಗಿ ಕಾಣದ ನೋಟಕ್ಕೆ, ಬದಲಿಸಿಕೊಳ್ಳಿ. ನೆಲದ ಮೇಲಿನ ಎರಡು ದಿಕ್ಕುಗಳಲ್ಲಿ, ಬಲಬಾಣದ ಕೀಲಿ ಗೆರೆಯನ್ನು ಕೆಂಪು ಅಕ್ಷಕ್ಕೂ ಎಡಬಾಣ ಹಸಿರು ಅಕ್ಷಕ್ಕೂ ಕಟ್ಟಿಹಾಕುತ್ತದೆ. ಮೇಲ್ಬಾಣ ನೀಲಿ ಅಕ್ಷಕ್ಕೆ, ಅಂದರೆ ಎತ್ತರಕ್ಕೆ.

ಮರದ ಜಾಗ ಗುರುತಿಸಲು, ಗೋಡೆಯ ಎರಡು ಮೂಲೆಗಳಿಂದ ಅಳೆದ ದೂರಗಳನ್ನೇ ತ್ರಿಜ್ಯವಾಗಿಟ್ಟು ಎರಡು ವೃತ್ತ ಎಳೆಯಿರಿ. ಅವು ಅಂಗಳದ ಕಡೆ ಕೂಡುವ ಬಿಂದುವೇ ಮರ. ಇಲ್ಲೊಂದು ಸೂಕ್ಷ್ಮವಿದೆ. ಸ್ಕೆಚ್‌ಅಪ್‌ನ ವೃತ್ತ ನಿಜವಾದ ವೃತ್ತವಲ್ಲ, 24 ಬದಿಗಳ ಬಹುಭುಜ. 20 ಅಡಿ ತ್ರಿಜ್ಯಕ್ಕೆ ಬದಿಯ ನಡುಭಾಗ 2 ಇಂಚಿನಷ್ಟು ಒಳಕ್ಕೆ ಸರಿದಿರುತ್ತದೆ. ವೃತ್ತದ ಉಪಕರಣ ಆಯ್ದ ಕೂಡಲೇ, ಕ್ಲಿಕ್ ಮಾಡುವ ಮುಂಚೆ, 96 ಎಂದು ಒತ್ತಿ ಎಂಟರ್ ಕೊಟ್ಟರೆ ಆ ವ್ಯತ್ಯಾಸ ಕಾಲು ಇಂಚಿಗಿಂತಲೂ ಕಡಿಮೆಯಾಗುತ್ತದೆ.

ಮನೆಯನ್ನು ಪೂರ್ತಿ ಕಟ್ಟುವ ಅಗತ್ಯವಿಲ್ಲ. ಒಂದು ಆಯತ, ಅದನ್ನು ಪುಶ್-ಪುಲ್‌ನಿಂದ ಗೋಡೆಯ ಎತ್ತರಕ್ಕೆ ಎತ್ತಿದರೆ ಸಾಕು, ಮೇಲೆ ಬಾಗಿಲು ಕಿಟಕಿಯ ಗುರುತು. ಎತ್ತಿದ ತಕ್ಷಣ ಅದನ್ನು ಗ್ರೂಪ್ ಮಾಡಿ, ಅಂದರೆ ಒಂದೇ ಗಂಟಾಗಿ ಕಟ್ಟಿ. ಸ್ಕೆಚ್‌ಅಪ್‌ನಲ್ಲಿ ಒಂದಕ್ಕೊಂದು ತಾಗಿದ ಬಿಡಿ ಆಕಾರಗಳು ಅಂಟಿಕೊಳ್ಳುತ್ತವೆ. ದಾರಿಯನ್ನು ಸರಿಸಲು ಹೋದರೆ ಗೋಡೆಯೂ ಜೊತೆಗೆ ಎಳೆದುಕೊಂಡು ಬರುತ್ತದೆ. ಮನೆ, ದಾರಿ, ಪಾತಿ, ಮರ ಎಲ್ಲವೂ ಬೇರೆಬೇರೆ ಗ್ರೂಪ್ ಆಗಿರಲಿ. ಒಂದೇ ಜಾತಿಯ ಗಿಡ ಹತ್ತು ಕಡೆ ಬರುವುದಾದರೆ ಅದನ್ನು ಕಾಂಪೊನೆಂಟ್ ಮಾಡಿ, ಒಂದನ್ನು ತಿದ್ದಿದರೆ ಹತ್ತೂ ತಿದ್ದಿಕೊಳ್ಳುತ್ತವೆ.

ದಾರಿಯ ಅಗಲದಲ್ಲಿ ಜಿಪುಣತನ ಬೇಡ. ಇಬ್ಬರು ಜೊತೆಯಾಗಿ ನಡೆಯಲು 4 ಅಡಿ ಬೇಕು, ಜಾಗವಿದ್ದರೆ 5. ಪಕ್ಕದ ಓಡಾಟದ ದಾರಿಗೆ 2.5 ಅಡಿ ನಡೆಯುತ್ತದೆ. ಮೆಟ್ಟಿಲಿಗೆ ಹಳೆಯ ಸೂತ್ರವೇ ಸಾಕು: ಎತ್ತರದ ಎರಡರಷ್ಟಕ್ಕೆ ತುಳಿಯುವ ಅಗಲ ಕೂಡಿದರೆ 24ರಿಂದ 26 ಇಂಚು. 6 ಇಂಚು ಎತ್ತರಕ್ಕೆ 13 ಇಂಚು ಅಗಲ ಸರಿಹೋಗುತ್ತದೆ.

ಇಳಿಜಾರನ್ನು ತೋರಿಸುವುದರಲ್ಲಿ ಕಾಗದದ ನಕ್ಷೆಗಿಂತ ಇದು ಎಷ್ಟೋ ಮೇಲು. ನೀರಿನ ಟ್ಯೂಬಿನಿಂದ ನಾಲ್ಕು ಮೂಲೆಗಳ ಮಟ್ಟ ತಿಳಿದಿದ್ದರೆ, ನೆಲದ ಆಯತಕ್ಕೆ ಮೊದಲು ಒಂದು ಕರ್ಣ ಎಳೆದು, ಆಮೇಲೆ ಮೂಲೆಯ ಬಿಂದುಗಳನ್ನು ನೀಲಿ ಅಕ್ಷದಲ್ಲಿ ಅಳತೆಯಷ್ಟು ಎತ್ತಿ ಅಥವಾ ಇಳಿಸಿ. ಈಗ ನೀರು ಎತ್ತ ಹರಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಗೋಡೆಯಿಂದ ಮೊದಲ 10 ಅಡಿಯಲ್ಲಿ ಮಣ್ಣು 6 ಇಂಚು ಇಳಿದಿರಬೇಕು. ಕಲ್ಲು ಹಾಸಿದ ದಾರಿಗೆ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಸಾಕು, ಅದೂ ಮನೆಗೆ ಬೆನ್ನು ಮಾಡಿ. ಏರಿಸಿದ ಪಾತಿಯನ್ನು ಗೋಡೆಗೆ ಒತ್ತಿ ಕಟ್ಟಿದರೆ ಚಿತ್ರದಲ್ಲಿ ಸೊಗಸಾಗಿ ಕಾಣುತ್ತದೆ, ನಿಜದಲ್ಲಿ ಗೋಡೆ ತೇವ ಹೀರುತ್ತದೆ. ಸ್ಕೆಚ್‌ಅಪ್ ಇದಕ್ಕೆ ಎಚ್ಚರಿಕೆ ಕೊಡುವುದಿಲ್ಲ.

ನೆರಳಿನ ಸೌಲಭ್ಯ ಬಲು ಉಪಯುಕ್ತ, ಆದರೆ ಎರಡು ಷರತ್ತು. ಹಸಿರು ಅಕ್ಷವೇ ಉತ್ತರ ಎಂದು ತಂತ್ರಾಂಶ ಎಣಿಸುತ್ತದೆ. ಮನೆಯನ್ನು ಅಕ್ಷಕ್ಕೆ ನೇರವಾಗಿ ಬಿಡಿಸಿದ್ದರೆ, ಕೊನೆಗೆ ಇಡೀ ಮಾದರಿಯನ್ನು ದಿಕ್ಸೂಚಿಯ ಕೋನಕ್ಕೆ ತಿರುಗಿಸಬೇಕು. ಸ್ಥಳ ಹೊಂದಿಸದ ಮಾದರಿಯಲ್ಲಿ ಬೀಳುವ ನೆರಳಂತೂ ಬೇರೆ ಯಾವುದೋ ಅಕ್ಷಾಂಶದ್ದು. ಪರೀಕ್ಷೆ ಸುಲಭ: ಅಂಗಳದಲ್ಲಿ 1 ಮೀಟರ್ ಕೋಲು ನೆಟ್ಟು ನೆರಳಿನ ಉದ್ದ, ದಿಕ್ಕು ಬರೆದುಕೊಳ್ಳಿ. ಮಾದರಿಯಲ್ಲೂ ಅಷ್ಟೇ ಎತ್ತರದ ಕೋಲು ನಿಲ್ಲಿಸಿ ಅದೇ ದಿನ, ಅದೇ ಹೊತ್ತು ಕೊಡಿ. ಎರಡೂ ತಾಳೆಯಾಗದಿದ್ದರೆ ಆ ನೆರಳನ್ನು ನಂಬಿ ಗಿಡ ಆರಿಸಬೇಡಿ. ತಾಳೆಯಾದರೆ ಜೂನ್ 21, ಡಿಸೆಂಬರ್ 21, ಮಾರ್ಚ್ 21, ಈ ಮೂರು ದಿನಗಳಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3ರ ನೆರಳು ನೋಡಿ. ದಿನಕ್ಕೆ 6 ಗಂಟೆಗೂ ಮೀರಿ ಬಿಸಿಲು ಬೀಳುವ ಜಾಗ ಪೂರ್ತಿ ಬಿಸಿಲಿನ ಗಿಡಕ್ಕೆ, 3ರಿಂದ 6 ಗಂಟೆಯದು ಅರೆನೆರಳಿನ ಗಿಡಕ್ಕೆ.

ಇನ್ನು ಗಿಡಗಳು. 3ಡಿ ವೇರ್‌ಹೌಸ್ ಎಂಬ ಉಗ್ರಾಣದಲ್ಲಿ ಮರಗಿಡಗಳ ಸಿದ್ಧ ಮಾದರಿಗಳು ರಾಶಿರಾಶಿ ಸಿಗುತ್ತವೆ. ಅವುಗಳನ್ನು ತಂದು ಸುರಿಯುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಎಲೆಎಲೆಯಾಗಿ ಮಾಡಿದ ಒಂದು ಮರದಲ್ಲೇ ಸಾವಿರಗಟ್ಟಲೆ ಮೇಲ್ಮೈಗಳಿರುತ್ತವೆ, ನಾಲ್ಕೈದು ತಂದರೆ ಬ್ರೌಸರ್ ಏದುಸಿರು ಬಿಡುತ್ತದೆ. ಹಗುರವಾದ ಚಪ್ಪಟೆ ಮರಗಳು ಕ್ಯಾಮರಾ ಕಡೆಗೇ ತಿರುಗಿಕೊಳ್ಳುತ್ತವೆ, ಮೇಲಿನ ನೋಟದಲ್ಲಿ ಬರೀ ಒಂದು ಗೆರೆಯಾಗಿ ಉಳಿಯುತ್ತವೆ. ಅದಕ್ಕಿಂತ ದೊಡ್ಡ ಕಾರಣ, ಆ ಮಾದರಿಯ ಅಗಲ ಅದನ್ನು ಮಾಡಿದವರ ಇಷ್ಟ. ನೀವು ನೆಡುವ ಜಾತಿಗೂ ಅದಕ್ಕೂ ಸಂಬಂಧವಿಲ್ಲ.

ಬದಲಿಗೆ ಪ್ರತಿ ಗಿಡಕ್ಕೂ ಒಂದು ಸಿಲಿಂಡರ್ ಮಾಡಿ. ವ್ಯಾಸ, ಎತ್ತರ ಎರಡೂ ಪೂರ್ತಿ ಬೆಳೆದ ಮೇಲಿನವು. ನರ್ಸರಿಯಲ್ಲಿ ಕುಂಡದಲ್ಲಿ ಕಂಡ ಅಳತೆ ಲೆಕ್ಕಕ್ಕಿಲ್ಲ. ಇಲ್ಲಿ 12 ಬದಿಯ ವೃತ್ತ ಸಾಕು, ಕಡತ ಹಗುರಾಗಿರುತ್ತದೆ. ಬೆಳೆದಾಗ 4 ಅಡಿ ಹರಡುವ ಪೊದೆಯನ್ನೇ ತೆಗೆದುಕೊಳ್ಳಿ. ಗೋಡೆಗೆ ಗಾಳಿಯಾಡಲು 1 ಅಡಿ ಬಿಟ್ಟರೆ ಬುಡ ಗೋಡೆಯಿಂದ 3 ಅಡಿ ದೂರದಲ್ಲಿರಬೇಕು. ದಾರಿಯ ಕಡೆ 2 ಅಡಿ ಹರವು, ಮೇಲೆ ಅರ್ಧ ಅಡಿ ಬಿಡುವು. ಒಟ್ಟು 5.5 ಅಡಿ. ಅಂದರೆ ಗೋಡೆಗೂ ದಾರಿಗೂ ನಡುವೆ 3 ಅಡಿಯ ಪಾತಿ ಬಿಟ್ಟವರು ಈ ಪೊದೆಯ ಒಂದು ಸಾಲನ್ನೂ ಹಾಕುವಂತಿಲ್ಲ. ಪಾತಿ ಅಗಲಿಸಬೇಕು, ಇಲ್ಲವೇ ಒಂದೂವರೆ ಅಡಿಗೆ ನಿಲ್ಲುವ ಗಿಡ ಹುಡುಕಬೇಕು. ಈ ಬೂದು ಸಿಲಿಂಡರುಗಳು ನೋಡಲು ಚೆನ್ನಾಗಿರುವುದಿಲ್ಲ. ಆದರೆ ಕಿಟಕಿ ಮುಚ್ಚುವ ಪೊದೆ, ಮನೆಯ ಮಾಡಿಗೆ ತಾಗುವ ಮರ, ದಾರಿಗೆ ಚಾಚುವ ಕೊಂಬೆ ಎಲ್ಲವನ್ನೂ ನೆಡುವ ಮೊದಲೇ ತೋರಿಸಿಕೊಡುವುದು ಅವೇ.

ಹೊಸದಾಗಿ ನೆಟ್ಟ ಪಾತಿ ಬೋಳಾಗಿ ಕಾಣುವುದು ಸಹಜ, ಆ ಖಾಲಿಯನ್ನು ಇನ್ನಷ್ಟು ಪೊದೆಗಳಿಂದ ತುಂಬಬಾರದು. ಒಂದೆರಡು ವರ್ಷ ಬಾಳುವ ಹೂಗಿಡ ಹಾಕಿ, ಉಳಿದಲ್ಲಿ 2ರಿಂದ 3 ಇಂಚು ತೊಗಟೆ ಅಥವಾ ಒಣ ಎಲೆಯ ಹೊದಿಕೆ ಹರಡಿ. ಹೊದಿಕೆ ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ, ಸುತ್ತ ನಾಲ್ಕು ಬೆರಳು ಜಾಗ ಬಿಡಿ.

ಗೇಟಿನ ಬಳಿ ನಿಂತಂತೆ ನೋಡಲು ಪೊಸಿಶನ್ ಕ್ಯಾಮರಾ ಬಳಸಿ, ಕಣ್ಣಿನ ಎತ್ತರಕ್ಕೆ 5 ಅಡಿ 6 ಇಂಚು ಇರಲಿ. ನೋಟದ ಕೋನ ಮೊದಲಿಗೆ 35 ಡಿಗ್ರಿ ಇರುತ್ತದೆ. ಅದನ್ನು 60ಕ್ಕೆ ಏರಿಸಿದರೆ ಪುಟ್ಟ ಅಂಗಳವೂ ಮೈದಾನದಂತೆ ತೋರುತ್ತದೆ, ಆ ನೋಟ ನೋಡಿ ಇನ್ನೂ ಒಂದು ಮರಕ್ಕೆ ಜಾಗವಿದೆ ಎಂದುಕೊಳ್ಳಬೇಡಿ.

ಸಾಮಾನಿನ ಲೆಕ್ಕಕ್ಕೆ ಎಂಟಿಟಿ ಇನ್ಫೋ ಎಂಬ ಫಲಕ ಬಹಳ ಅನುಕೂಲ. ಮೇಲ್ಮೈಯನ್ನು ಆಯ್ದರೆ ವಿಸ್ತೀರ್ಣ ಬರುತ್ತದೆ. 4 ಅಡಿ ಅಗಲ, 20 ಅಡಿ ಉದ್ದದ ದಾರಿ 80 ಚದರಡಿ. ಅದರಡಿ 4 ಇಂಚು ದಮ್ಮಸು ಮಾಡಿದ ಜಲ್ಲಿಗೆ ಸುಮಾರು 27 ಘನ ಅಡಿ, ದಮ್ಮಸಿನಲ್ಲಿ ಕುಗ್ಗುವುದಕ್ಕೆ ಕಾಲುಭಾಗ ಸೇರಿಸಿ 34 ತರಿಸಿ. 1 ಇಂಚು ಮರಳಿಗೆ 7 ಘನ ಅಡಿ. ಮೇಲೆ 60 ಮಿಲಿಮೀಟರ್ ಪೇವರ್ ಕಲ್ಲು ಕೂರಬೇಕಾದರೆ ಅಗೆತ ಸುಮಾರು 7.5 ಇಂಚು. ಅಗೆದ ಮಣ್ಣು 50 ಘನ ಅಡಿಯಾದರೂ ಸಡಿಲಗೊಂಡು 60 ದಾಟುತ್ತದೆ, ಅದನ್ನು ಎಲ್ಲಿಗೆ ಹಾಕುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ನೆಲಕ್ಕೆ ಹರಡುವ ಗಿಡಗಳನ್ನು ತ್ರಿಕೋನದ ಸಾಲಿನಲ್ಲಿ ಒಂದೂವರೆ ಅಡಿಗೊಂದರಂತೆ ಹಾಕಿದರೆ 60 ಚದರಡಿಗೆ 31 ಬೇಕು.

ಕೊರತೆಗಳೂ ಇವೆ. ಎಕ್ಸ್‌ಟೆನ್ಶನ್ ಎಂಬ ಹೆಚ್ಚುವರಿ ಸೌಲಭ್ಯಗಳನ್ನು ಹಾಕಿಕೊಳ್ಳಲಾಗದು. ಅಳತೆ ಸಮೇತ ಹಾಳೆ ಸಿದ್ಧಪಡಿಸುವ ಲೇಔಟ್ ಹಣ ಕೊಡುವವರಿಗೆ ಮಾತ್ರ. ಫ್ರೀಯಿಂದ ಹೊರಬರುವ ಚಿತ್ರಕ್ಕೆ ಸ್ಕೇಲ್ ಇರುವುದಿಲ್ಲ. ಆದ್ದರಿಂದ ನಕ್ಷೆಯ ಒಂದು ಮೂಲೆಯಲ್ಲಿ 10 ಅಡಿ ಉದ್ದದ ಪಟ್ಟಿಯೊಂದನ್ನು ಎಳೆದಿಡಿ, ಮುಖ್ಯ ಅಳತೆಗಳನ್ನು ಡೈಮೆನ್ಶನ್ ಉಪಕರಣದಿಂದ ನಕ್ಷೆಯ ಮೇಲೇ ಬರೆಸಿ. ಕೆಲಸಗಾರರಿಗೆ ಕೊಡುವುದು ಮೇಲಿನ ನೋಟದ ಈ ಹಾಳೆಯನ್ನೇ, ಬಣ್ಣದ ಚಿತ್ರವನ್ನಲ್ಲ.

ಮೌಸಿನ ಅಭ್ಯಾಸವೇ ಇಲ್ಲದವರಿಗೆ, ಮಟ್ಟಸವಾದ ಪುಟ್ಟ ಜಾಗವಿರುವವರಿಗೆ, ಒಂದು ಚೌಕಕ್ಕೆ ಒಂದು ಅಡಿಯಂತೆ ಗ್ರಾಫ್ ಹಾಳೆ ಸಾಕು. ಇದನ್ನು ಕಲಿಯುವ ಹೊತ್ತಿನಲ್ಲಿ ಅಲ್ಲಿ ಮೂರು ನಕ್ಷೆ ಮುಗಿಯುತ್ತವೆ. ಇಳಿಜಾರು, ಮೆಟ್ಟಿಲು, ಪಕ್ಕದ ಕಟ್ಟಡದ ನೆರಳು ಇವುಗಳಲ್ಲಿ ಒಂದಾದರೂ ಇದ್ದರೆ ಸ್ಕೆಚ್‌ಅಪ್ ಫ್ರೀಗೆ ಕೊಟ್ಟ ಹೊತ್ತು ದಂಡವಲ್ಲ. ನಕ್ಷೆ ಮುಗಿದ ಮೇಲೆ ದಾರಿಯ ಅಂಚಿಗೆ ಗೂಟ ಹೊಡೆದು ದಾರ ಕಟ್ಟಿ, ಪಾತಿಯ ಬಾಗು ಅಂಚಿಗೆ ನೀರಿನ ಪೈಪು ಹಾಸಿ, ಒಂದು ವಾರ ಹಾಗೇ ಬಿಡಿ. ಮನೆಯವರು ದಿನವೂ ದಾರ ದಾಟಿಯೇ ಬಾಗಿಲಿಗೆ ಹೋಗುತ್ತಿದ್ದರೆ, ಮಾದರಿಯನ್ನು ಮತ್ತೆ ತೆರೆದು ದಾರಿಯನ್ನು ಆ ಕಡೆಗೆ ಸರಿಸಿ.