ಪಿಎಚ್‌ಕ್ಯೂ-9: ಖಿನ್ನತೆಯ ಮಟ್ಟ ತಿಳಿಸುವ ಒಂಬತ್ತು ಪ್ರಶ್ನೆಗಳು ಎಷ್ಟು ನಂಬಿಕಸ್ಥ?

ಖಿನ್ನತೆಯ ಮಟ್ಟ ತಿಳಿಯಲು ವೈದ್ಯರು ಹೆಚ್ಚಾಗಿ ಬಳಸುವ ಪ್ರಶ್ನಾವಳಿ ಇದು. 2001ರಲ್ಲಿ ಪ್ರಕಟವಾಯಿತು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಸಿಗುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ.

ಕಳೆದ ಎರಡು ವಾರವನ್ನಷ್ಟೇ ನೆನೆದು ಉತ್ತರಿಸಬೇಕು. ಆಸಕ್ತಿ, ಬೇಸರ, ನಿದ್ದೆ, ಸುಸ್ತು, ಊಟ, ತನ್ನ ಬಗ್ಗೆಯೇ ಕೀಳರಿಮೆ, ಏಕಾಗ್ರತೆ, ಮಂದಗತಿ ಅಥವಾ ಚಡಪಡಿಕೆ, ಸಾವಿನ ಯೋಚನೆ: ಒಂದೊಂದಕ್ಕೂ 0ರಿಂದ 3 ಅಂಕ. ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಮ್ಮಿ ದಿನವೂ ಎಂದರೆ 3. ಒಟ್ಟು 5ರಿಂದ 9 ಬಂದರೆ ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ಮಧ್ಯಮಕ್ಕಿಂತ ತೀವ್ರ, 20ರಿಂದ 27 ತೀವ್ರ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. 5ರಿಂದ 9ರ ನಡುವೆ ಇದ್ದರೆ ಎರಡು ವಾರ ಬಿಟ್ಟು ಮತ್ತೆ ತುಂಬಿ ನೋಡಿ. ಇಳಿಯದಿದ್ದರೆ ಆಗಲೂ ಹೋಗಿ.

ಒಂಬತ್ತನೆಯ ಪ್ರಶ್ನೆಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಒಟ್ಟು ಅಂಕ 6 ಇದ್ದರೂ ಸರಿ, ಅಲ್ಲಿ 1 ಬಿದ್ದಿದ್ದರೆ ಅಂದೇ ಯಾರೊಂದಿಗಾದರೂ ಮಾತಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಿಗಾದರೂ ಸಾಯುವ ಯೋಚನೆ ಗಟ್ಟಿಯಾಗಿದ್ದರೆ ಫೋನಿಗೆ ನಿಲ್ಲಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೇರೆಯವರ ಮನೆಗೆ ಸಾಗಿಸಿ.

ಈ ಪ್ರಶ್ನಾವಳಿ ಎಡವುವುದು ಎರಡು ಕಡೆ. ಥೈರಾಯ್ಡ್ ಕೊರತೆ, ರಕ್ತಹೀನತೆ ಇದ್ದವರಿಗೂ ಸುಸ್ತು, ನಿದ್ದೆಯ ಪ್ರಶ್ನೆಗಳಲ್ಲಿ ಅಂಕ ಏರುತ್ತದೆ, ಹಾಗಾಗಿ ರಕ್ತಪರೀಕ್ಷೆಯೂ ಬೇಕಾಗಬಹುದು. ಇನ್ನೊಂದು ಹೆಚ್ಚು ಅಪಾಯದ್ದು: ಖಿನ್ನತೆಯೂ ಅತಿ ಹುರುಪೂ ಬಂದುಹೋಗುವ ಬೈಪೋಲಾರ್ ಕಾಯಿಲೆಯನ್ನು ಇದು ಗುರುತಿಸುವುದೇ ಇಲ್ಲ. ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಹುರುಪು, ವಿಪರೀತ ಖರ್ಚು, ನಿಲ್ಲದ ಮಾತು ಇತ್ತೇ? ಇದ್ದರೆ ವೈದ್ಯರಿಗೆ ಹೇಳಲೇಬೇಕು. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಆ ಹುರುಪು ಮತ್ತೆ ಕೆರಳಬಹುದು.

ಓದಲು ಬಾರದ ಹಿರಿಯರಿಗೆ ಪ್ರಶ್ನೆ ಓದಿ ಹೇಳುವಾಗ ಮಗ, ಸೊಸೆ ಎದುರಿಗೆ ಇರಬಾರದು. ಇದ್ದರೆ ಒಂಬತ್ತನೆಯದಕ್ಕೆ 'ಅಯ್ಯೋ, ಹಂಗೇನಿಲ್ಲಪ್ಪ' ಎಂಬ ಉತ್ತರವೇ ಬರುವುದು ಹೆಚ್ಚು. ಎಂಟನೆಯದಕ್ಕೆ ಮಾತ್ರ ಮನೆಯವರನ್ನೂ ಕೇಳಿ, ನಡೆ ನಿಧಾನವಾದದ್ದು ಅವರಿಗೇ ಮೊದಲು ಕಾಣುತ್ತದೆ.

ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕಿಂತ ಚಿಕಿತ್ಸೆ ಹಿಡಿಯುತ್ತಿದೆಯೇ ಎಂದು ನೋಡಲು ಇದು ಹೆಚ್ಚು ಉಪಯುಕ್ತ. ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಬೇಕು. ಪ್ರತಿ ಭೇಟಿಗೆ ಮೊದಲು ಹಾಳೆ ತುಂಬಿ, ತಾರೀಖು ಬರೆದು ಕೊಂಡೊಯ್ಯಿರಿ. 5 ಅಂಕ ಇಳಿದಿದ್ದರೆ ಗುಣ ಕಾಣುತ್ತಿದೆ ಎಂದರ್ಥ. ಇಳಿಯದಿದ್ದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಪ್ರಮಾಣ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ.