ಸಿ.ಡಿ. ಡಬ್ಬಿಗಳಿಗೆ ಕನ್ನಡದ ಲೇಬಲ್: ಲ್ಯಾಮಿನೇಟೆಡ್ ಟೇಪಿನ ಯಂತ್ರ ನಮ್ಮ ಮನೆಯಲ್ಲಿ ಹೇಗೆ ನಡೆಯಿತು

ಫೋನಿಗೆ ಬ್ಲೂಟೂತ್‌ನಲ್ಲಿ ಸೇರಿಕೊಳ್ಳುವ, ಲ್ಯಾಮಿನೇಟೆಡ್ ಟೇಪ್ ಹಾಕುವ ಪುಟ್ಟ ಲೇಬಲ್ ಯಂತ್ರದ ವಿಮರ್ಶೆ ಇದು. ಈ ಬಗೆಯ ಯಂತ್ರ ಬೇರೆ ಬೇರೆ ಕಂಪನಿಗಳಿಂದ ಸಿಗುತ್ತದೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ದಾವಣಗೆರೆಯ ನಮ್ಮ ಮನೆಯಲ್ಲಿ ಇದು ಹಲವು ಬೇಸಿಗೆ ಕಂಡಿದೆ.

ಮನೆಯಲ್ಲಿರುವ ಸಿ.ಡಿ.ಗಳಲ್ಲಿ ಹೆಚ್ಚಿನವು ಅಪ್ಪ ಕೊಂಡವು. ವಚನ, ಭಾವಗೀತೆ, ತತ್ವಪದ, ಧಾರವಾಡ ಕಡೆಯ ಹಿಂದೂಸ್ತಾನಿ, ಒಂದಿಷ್ಟು ಸಿನಿಮಾ ಹಾಡು. ಈಗ ಅವನ್ನು ದಿನಾ ಹಾಕಿಕೊಂಡು ಕೇಳುವವರು ಅಮ್ಮ. ಅವರಿಗೆ ಓದಲು ಕನ್ನಡವೇ ಸರಾಗ. ಡಬ್ಬಿಯ ಬೆನ್ನಿನ ಮೇಲೆ ಇರುವ ಅಚ್ಚು ಬಹುಪಾಲು ಇಂಗ್ಲಿಷ್, ಅದೂ ತೀರಾ ಸಣ್ಣ ಅಕ್ಷರ. ಅಮ್ಮ ಕಪಾಟಿನ ಮುಂದೆ ನಿಂತು, ಯಾರನ್ನೂ ಕರೆಯದೆ, ಬೇಕಾದ ಸಿ.ಡಿ. ಎಳೆದುಕೊಳ್ಳಬೇಕು. ನಾನು ಯಂತ್ರವನ್ನು ಅಳೆದಿದ್ದು ಇದೊಂದರಿಂದಲೇ.

ಯಂತ್ರದ ಮೇಲೆಯೇ ಕೀಲಿಮಣೆ ಇರುವ ಮಾದರಿಗಳಲ್ಲಿ ನಾನು ನೋಡಿದವೆಲ್ಲ ಇಂಗ್ಲಿಷ್ ಅಕ್ಷರದವು. ಕನ್ನಡ ಬೇಕಾದರೆ ಫೋನಿನ ಆಪ್‌ನಿಂದ ಅಚ್ಚು ಹಾಕುವ ಮಾದರಿಯೇ ಸರಿ. ಅಲ್ಲಿ ಅಕ್ಷರ ಚಿತ್ರವಾಗಿ ಯಂತ್ರಕ್ಕೆ ಹೋಗುತ್ತದೆ, ಹಾಗಾಗಿ ಫೋನಿನಲ್ಲಿ ಕಂಡಿದ್ದೇ ಟೇಪಿನ ಮೇಲೆ ಬರುತ್ತದೆ. ಆದರೂ ಕೊಳ್ಳುವ ಮುಂಚೆ ಆಪ್ ಇಳಿಸಿಕೊಂಡು ‘ಶಾಸ್ತ್ರೀಯ’, ‘ಅಶ್ವತ್ಥ್’ ಅಂತ ಬರೆದು ನೋಡಿ. ಒತ್ತಕ್ಷರ ಪಕ್ಕಕ್ಕೆ ಜಾರಿದರೆ, ಚೌಕ ಬಂದರೆ, ಆ ಯಂತ್ರ ಬೇಡ.

ಮುಖ್ಯವಾದ ಮಾತು ಟೇಪಿನ ಅಗಲ. ಮಾಮೂಲಿ ಸಿ.ಡಿ. ಡಬ್ಬಿಯ ದಪ್ಪ ಸುಮಾರು 10 ಮಿ.ಮೀ. ಅದರ ಬೆನ್ನಿಗೆ 9 ಮಿ.ಮೀ. ಟೇಪ್ ಸರಿಯಾಗಿ ಕೂರುತ್ತದೆ, 12 ಹೊರಗೆ ಚಾಚಿಕೊಳ್ಳುತ್ತದೆ. ಆ 9ರಲ್ಲೂ ಮೇಲೆ ಕೆಳಗೆ ಅಂಚು ಬಿಟ್ಟು ಅಚ್ಚಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಇದ್ದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು, ಹಾಗಾಗಿ ಮೂಲ ಅಕ್ಷರ ಕುಗ್ಗುತ್ತದೆ. ಒಂದೇ ಸಾಲು, ದಪ್ಪ ಅಕ್ಷರ, ಎರಡು ಮೂರು ಪದ. ಅದಕ್ಕಿಂತ ಜಾಸ್ತಿ ತುರುಕಿದರೆ ಅಮ್ಮನಿಗೆ ಕನ್ನಡಕ ಬೇಕಾಗುತ್ತದೆ. ತೆಳು ಡಬ್ಬಿಗಳ ಬೆನ್ನು ಇದರ ಅರ್ಧ. ಅವಕ್ಕೆ ಬೆನ್ನಿನ ಆಸೆ ಬಿಟ್ಟು, ಮುಂಭಾಗದ ಮೇಲಂಚಿನಲ್ಲಿ 12ರ ಟೇಪ್ ಅಂಟಿಸಿ, ಪೆಟ್ಟಿಗೆಯಲ್ಲಿ ಮುಖ ಕಾಣುವ ಹಾಗೆ ನಿಲ್ಲಿಸಿದ್ದೇನೆ.

ಬಾಳಿಕೆಗೆ ಪೂರ್ತಿ ಅಂಕ ಕೊಡುತ್ತೇನೆ. ಅಗ್ಗದ ಲೇಬಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವು, ಶಾಖ ತಗುಲಿದರೆ ಕಪ್ಪಾಗುವ ಕಾಗದವನ್ನು ಬಳಸುತ್ತವೆ. ಅಂಗಡಿ ಬಿಲ್ಲು ಅಚ್ಚಾಗುವುದೂ ಹೀಗೆಯೇ, ಅದು ಹೇಗೆ ಮಾಸುತ್ತದೆ ಅಂತ ಎಲ್ಲರಿಗೂ ಗೊತ್ತು. ಲ್ಯಾಮಿನೇಟೆಡ್ ಟೇಪಿನಲ್ಲಿ ರಿಬ್ಬನ್ನಿನ ಶಾಯಿ ಪಾರದರ್ಶಕ ಹಾಳೆಯ ಒಳಮೈಗೆ ಇಳಿಯುತ್ತದೆ, ಆಮೇಲೆ ಅಂಟಿನ ಪದರ ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ಅಕ್ಷರ ಎರಡು ಪದರದ ನಡುವೆ ಇರುವುದರಿಂದ ಬೆರಳು ಅದನ್ನು ಮುಟ್ಟುವುದೇ ಇಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ಧೂಳೂ ಕಡಿಮೆಯೇನಲ್ಲ, ಗಾಳಿ ಬೀಸಿದರೆ ಮಂಡಕ್ಕಿ ಭಟ್ಟಿಗಳ ಕಡೆಯ ಹೊಗೆಯೂ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಬೇಕಾದಷ್ಟು ಸಲ ಒರೆಸಿದ್ದೇನೆ. ಒಂದು ಅಕ್ಷರವೂ ಮಸುಕಾಗಿಲ್ಲ.

ಕೈ ಕೊಟ್ಟಿದ್ದು ಒಂದೇ ಕಡೆ. ಡಬ್ಬಿಯ ಬದಲು ಡಿಸ್ಕು ಹಾಕಿಡುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕವರ್‌ಗಳ ಮೇಲೆ ಮಾಮೂಲಿ ಅಂಟು ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ತುದಿ ಏಳುತ್ತದೆ. ಆ ಪ್ಲಾಸ್ಟಿಕ್ಕಿನ ಗುಣವೇ ಹಾಗೆ. ಅದಕ್ಕೆಂದೇ ಜಾಸ್ತಿ ಅಂಟಿನ ಟೇಪ್ ಬರುತ್ತದೆ, ಅದು ನಿಂತಿದೆ. ಹಾಗಂತ ಪಿ.ವಿ.ಸಿ. ಕವರಿಗೆ ಹೋಗಬೇಡಿ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದರಲ್ಲಿ ಬೆರೆಸಿರುವ ರಾಸಾಯನಿಕ ವರ್ಷಗಳು ಕಳೆದ ಹಾಗೆ ಹೊರಬಂದು ಡಿಸ್ಕಿಗೆ ಮೆತ್ತಿಕೊಳ್ಳಬಹುದು.

ಡಿಸ್ಕಿನ ಮೇಲೆ ಮಾತ್ರ ಯಾವ ಲೇಬಲ್ಲೂ ಅಂಟಿಸಬೇಡಿ, ದಯವಿಟ್ಟು. ಸಿ.ಡಿ. 1.2 ಮಿ.ಮೀ. ದಪ್ಪ. ಹಾಡು ಕೂತಿರುವ ಲೋಹದ ಪದರ ಇರುವುದು ಹೆಸರು ಅಚ್ಚಾದ ಕಡೆ, ತೆಳುವಾದ ಲೇಪದ ಕೆಳಗೆ. ಹೊಳೆಯುವ ಕಡೆ ಗೀರು ಬಿದ್ದರೆ ಉಜ್ಜಿ ಸರಿ ಮಾಡಬಹುದು, ಹೆಸರಿನ ಕಡೆ ಲೋಹ ಕಿತ್ತುಬಂದರೆ ಆ ಹಾಡು ಹೋದ ಹಾಗೆಯೇ. ಜೊತೆಗೆ ಪ್ಲೇಯರಿನಲ್ಲಿ ಡಿಸ್ಕು ನಿಮಿಷಕ್ಕೆ 200ರಿಂದ 500 ಸುತ್ತು ತಿರುಗುತ್ತದೆ, ಒಂದು ಕಡೆ ಭಾರ ಕೂತರೆ ಅದುರುತ್ತದೆ. ನಡುವಿನ ಪಾರದರ್ಶಕ ಬಳೆಯ ಮೇಲೆ ನೀರಿನ ಶಾಯಿಯ ಮೆತ್ತನೆ ಪೆನ್ನಿನಲ್ಲಿ ನಂಬರ್ ಮಾತ್ರ ಬರೆದರೆ ಸಾಕು. ಡಬ್ಬಿ, ಡಿಸ್ಕು ಎರಡರಲ್ಲೂ ಒಂದೇ ನಂಬರ್ ಇದ್ದರೆ ಬೇರೆ ಮನೆ ಸೇರಿದ್ದೂ ವಾಪಸ್ ಬರುತ್ತದೆ.

ಇನ್ನು ಏನು ಬರೆಯುವುದು? ಯಂತ್ರಕ್ಕಿಂತ ಇದಕ್ಕೇ ಜಾಸ್ತಿ ಯೋಚನೆ ಹೋಯಿತು. ಭಾವಗೀತೆಯ ಸಿ.ಡಿ.ಗೆ ಕವಿ ಒಬ್ಬರು, ರಾಗ ಹಾಕಿದವರು ಒಬ್ಬರು, ಹಾಡಿದವರು ನಾಲ್ಕಾರು ಜನ. ನಮ್ಮಲ್ಲಿ ಕೇಳುವವರು ‘ಬೇಂದ್ರೆ ಹಾಕು’, ‘ಕೆ.ಎಸ್.ನ. ಹಾಕು’ ಅನ್ನುತ್ತಾರೆ, ಹಾಗಾಗಿ ಭಾವಗೀತೆಗೆ ಕವಿಯ ಹೆಸರೇ ಮೊದಲು. ಷರೀಫರ ತತ್ವಪದಕ್ಕೂ ಹಾಗೆಯೇ, ಸಿ. ಅಶ್ವತ್ಥ್ ಹೆಸರು ಆಮೇಲೆ. ಹಿಂದೂಸ್ತಾನಿಗೆ ಹಾಡುಗಾರರು, ಸಿನಿಮಾಕ್ಕೆ ಚಿತ್ರದ ಹೆಸರು. ಇನಿಷಿಯಲ್ ಲೆಕ್ಕಕ್ಕಿಲ್ಲ: ಪಿ. ಕಾಳಿಂಗರಾವ್ ‘ಕ’ದಲ್ಲಿ, ಮೈಸೂರು ಅನಂತಸ್ವಾಮಿ ‘ಅ’ದಲ್ಲಿ. ಗಂಗೂಬಾಯಿ ಹಾನಗಲ್ಲರನ್ನು ‘ಹ’ದಲ್ಲಿ ಯಾರೂ ಹುಡುಕುವುದಿಲ್ಲ, ಅವರು ‘ಗ’.

ಮಲ್ಲಿಕಾರ್ಜುನ ಮನ್ಸೂರರು ವಚನಗಳನ್ನೂ ಹಾಡಿದ್ದಾರೆ. ಅವು ವಚನದ ಸಾಲಿನಲ್ಲಿ ಇರಬೇಕೋ, ಹಿಂದೂಸ್ತಾನಿಯಲ್ಲಿ ಇರಬೇಕೋ? ಬೆಳಗ್ಗೆ ಅಮ್ಮ ಹುಡುಕುವುದು ವಚನ, ಆದ್ದರಿಂದ ಡಿಸ್ಕು ಅಲ್ಲಿ. ಹಿಂದೂಸ್ತಾನಿ ಸಾಲಿನಲ್ಲಿ ಅದರ ಜಾಗಕ್ಕೆ ಒಂದು ರಟ್ಟಿನ ತುಂಡು ನಿಲ್ಲಿಸಿ, ‘ಮನ್ಸೂರ್ ವಚನ: ವ-004’ ಅಂತ ಲೇಬಲ್ ಹಾಕಿದ್ದೇನೆ. ಈ ರಟ್ಟುಗಳಿಂದ ಆಗಿರುವ ಉಪಕಾರ ಅಷ್ಟಿಷ್ಟಲ್ಲ. ನಂಬರಿಗೆ ಮೊದಲಿಂದಲೇ 001, 002 ಎಂದು ಮೂರು ಅಂಕಿ ಇಡಿ, ಇಲ್ಲದಿದ್ದರೆ ಫೋನಿನ ಪಟ್ಟಿಯಲ್ಲಿ 10 ಬಂದು 2ಕ್ಕಿಂತ ಮುಂದೆ ಕೂರುತ್ತದೆ.

ಬೇಸರದ ಸಂಗತಿ ಖರ್ಚು. ಯಂತ್ರ ಅಗ್ಗ, ಟೇಪ್ ದುಬಾರಿ. ಒಂದೊಂದು ಲೇಬಲ್‌ಗೂ ಮುಂದಿನ ಒಂದಿಂಚು ಟೇಪ್ ಸುಮ್ನೆ ಕತ್ತರಿಸಿ ಬೀಳುತ್ತದೆ. ಹತ್ತಾರು ಹೆಸರು ಒಟ್ಟಿಗೆ ಬರೆದುಕೊಂಡು ಒಂದೇ ಸರಪಳಿಯಾಗಿ ಅಚ್ಚು ಹಾಕಿ, ಆಮೇಲೆ ಕತ್ತರಿಯಲ್ಲಿ ಬಿಡಿಸಿದರೆ ಇದು ತಪ್ಪುತ್ತದೆ. ಮಂಡಿಪೇಟೆ, ಚೌಕಿಪೇಟೆ ಎರಡೂ ಕಡೆ ಕೇಳಿದೆ, ನನ್ನ ಯಂತ್ರದ ಟೇಪ್ ಸಿಗಲಿಲ್ಲ. ಆನ್‌ಲೈನ್ ತರಿಸುವುದೇ ಗತಿ. ಕಡಿಮೆ ಬೆಲೆಯ ಬದಲಿ ಟೇಪ್ ಒಂದು ತರಿಸಿದ್ದೆ, ಅದರ ಮೇಲಿನ ಹಾಳೆ ಒಂದೇ ಬೇಸಿಗೆಗೆ ಎದ್ದು ಬಂತು. ಈಗ ತರಿಸುವುದಾದರೆ ಬಿಳಿ 9ರದು ಎರಡು, ಜಾಸ್ತಿ ಅಂಟಿನ 12ರದು ಒಂದು. ಒಂದು ಸುರುಳಿ 8 ಮೀಟರ್, ಸರಪಳಿ ಅಚ್ಚು ಹಾಕಿದರೆ ನೂರು ಡಬ್ಬಿಗೆ ಧಾರಾಳವಾಗಿ ಬರುತ್ತದೆ.